ಕಲ್ಲುಬಾನಿ ಎಳೆದ ಗಾಡಿ

ಕಲ್ಲುಬಾನಿ ಇರಲಿಲ್ಲ.

ಸೋಮವಾರ ಬೆಳಗ್ಗೆ ಹಿತ್ತಿಲಿಗೆ ಹೋದ ರಾಮಮ್ಮ ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಮನೆಯ ದನಗಳು ತಲೆತಲಾಂತರದಿಂದ ಕಲಗಚ್ಚು ಕುಡಿದ ಕಲ್ಲಿನ ತೊಟ್ಟಿ ಅದು. ಎಂಟು ಗಂಡಾಳು ಕೈ ಹಾಕಿದರೂ ಜಗ್ಗದ್ದು ಒಂದು ದಿನ ಕಳೆಯುವುದರೊಳಗೆ ಮಾಯ.

ಉಲ್ಲಾಳದಲ್ಲಿ ಈಗ ಕೊಟ್ಟಿಗೆಗಳೆಲ್ಲ ಕಾರ್ ಶೆಡ್ಡುಗಳಾಗಿವೆ. ಲೇಔಟುಗಳ ನಡುವೆ ಇಂಥ ಒಂದೆರಡು ಹಿತ್ತಿಲು ಉಳಿದಿವೆ ಅಷ್ಟೆ. 

ಹಿತ್ತಿಲು ರಸ್ತೆಗಿಂತ ತಗ್ಗು. ಹೊರಬರಲು ಒಂದೇ ದಾರಿ, ಕಡಿದಾದ ಮಣ್ಣಿನ ಏರು. ಸಬ್‌ಇನ್ಸ್‌ಪೆಕ್ಟರ್ ಸ್ಪಂದನ ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಕಲ್ಲು ಎಳೆದ ಗುರುತು ಕೆಳಗಿನಿಂದ ಮೇಲಿನವರೆಗೂ ಒಂದೇ ಸಮ. ರಸ್ತೆ ತಲುಪಿದ ಮೇಲೆ ಯಾವ ಕ್ರೇನ್ ಗಾಡಿಯಾದರೂ ಎತ್ತಿಕೊಂಡು ಹೋಗಬಹುದು. ಏರು ಹತ್ತಿಸಿದವರು ಯಾರು?

"ಕಳ್ಳ ಮನೇಲೇ ಇದಾನೆ ಮೇಡಂ," ಎಂದ ರಾಮಮ್ಮನ ಮಗ ಮಹೇಶ್. "ಬಾನೀನ ಒಂದು ಹೋಟೆಲಿನವ್ರಿಗೆ ಕೊಡೋಕೆ ನಾನೇ ಒಪ್ಕೊಂಡಿದ್ದೆ. ತಾವರೆ ಬೆಳೆಸ್ತಾರಂತೆ. ನಮ್ಮಣ್ಣನ ಮಗ ಶಿವಕಿರಣ್ ಕೊಡಬೇಡಿ ಅಂತ ಜಗಳ ತೆಗೆದಿದ್ದ. ನಿನ್ನೆ ನಾವೆಲ್ಲ ಚಂದ್ರಾ ಲೇಔಟಲ್ಲಿ ಮದುವೆಗೆ ಹೋಗಿದ್ವಿ. ಅವನೊಬ್ಬ ಬರಲಿಲ್ಲ. ತನ್ನ ಕಾರು ನೂರಿಪ್ಪತ್ತು ಹೆಚ್‌ಪಿ ಅಂತ ಊರೆಲ್ಲ ಕೊಚ್ಕೋತಾನೆ. ಇನ್ಯಾರ ಗಾಡಿ ಕೈಲಾಗುತ್ತೆ?"

* * *

ಶಿವಕಿರಣನ ಕಾರಿನ ಮುಂದಿನ ಚಕ್ರಕ್ಕೆ ಹಿತ್ತಿಲಿನ ಕೆಂಪುಮಣ್ಣು ಮೆತ್ತಿತ್ತು. ಬಾನೆಟ್ ಎತ್ತಿದರೆ ಕ್ಲಚ್ ಸುಟ್ಟ ವಾಸನೆ.

ಹುಡುಗನ ಮುಖ ಬಿಳಿಚಿಕೊಂಡಿತು. "ಶನಿವಾರ ಮನೇಲಿ ಯಾರೂ ಇಲ್ಲದಾಗ ಎಳೆದು ನೋಡಿದ್ದು ನಿಜ ಮೇಡಂ. ಬಚ್ಚಿಡೋಣ ಅಂತಿದ್ದೆ. ಒಂದಿಂಚೂ ಅಲ್ಲಾಡಲಿಲ್ಲ. ನಿನ್ನೆ ಪೂರ್ತಿ ಗೆಳೆಯನ ಮನೇಲಿದ್ದೆ."

"ನೂರಿಪ್ಪತ್ತು ಹೆಚ್‌ಪಿ ಇದ್ದೂ?" ಮಹೇಶ್ ನಕ್ಕ.

"ಮೇಡಂ, ನಂಗೆ ಸರ್ಕಾರಿ ಡ್ರೈವರ್ ಕೆಲಸ ಸಿಕ್ಕಿದೆ. ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ಕೇಸ್ ಬಿದ್ರೆ ಎಲ್ಲಾ ಮುಗೀತು."

ಸ್ಪಂದನ ಕಾಂಪೌಂಡಿನ ಆಚೆ ಬಾಡಿಗೆಗಿದ್ದ, ಕಲಬುರಗಿ ಕಡೆಯ ಭಾಗವ್ವನನ್ನು ಕರೆದಳು.

"ಗೋಡಿ ಅಡ್ಡ ಐತ್ರಿ, ಕಣ್ಣಿಗಿ ಏನೂ ಕಂಡಿಲ್ಲ. ಶನಿವಾರ ಗಾಡಿ ಕಿಂಯ್ ಅಂತ ಒದರ್ತಿತ್ರಿ. ನಿನ್ನಿ ಮಧ್ಯಾನ ಹಂಗಲ್ರಿ. ಗುಡು ಗುಡು ಅಂತ, ಸಾವಕಾಶ. ಒಮ್ಮಿನೂ ನಿಂತಿಲ್ಲ."

ಎರಡು ದಿನ, ಎರಡು ಗಾಡಿ. ಸ್ಪಂದನ ರಾಮಮ್ಮನ ಕಡೆ ತಿರುಗಿದಳು. "ಅಜ್ಜಿ, ಮದುವೆಯಿಂದ ಬೇಗ ಎದ್ದು ಹೋದವರು ಯಾರಾದ್ರೂ ಇದ್ರಾ?"

"ನಮ್ಮ ಮೈದುನ ತಮ್ಮಣ್ಣ. ಮಂಡಿ ನೋವು ಅಂತ ಊಟಕ್ಕೂ ಕೂರಲಿಲ್ಲ ಕಣವ್ವ."

ಬಾಳೆಲೆ ಹಾಕುವ ಮುಂಚೆ ಮದುವೆ ಮನೆ ಬಿಡುವ ಮುದುಕನೇ? ಮಂಡಿ ನೋವಿದ್ದವರು ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ.

"ಅವರ ಹತ್ರ ಯಾವ ಗಾಡಿ ಇದೆ?"

"ಒಂದು ಓಬೀರಾಯನ ಕಾಲದ ಡೀಸೆಲ್ ಜೀಪು," ಎಂದ ಮಹೇಶ್. "ಸೈಕಲ್ಲೂ ಅದನ್ನ ಹಿಂದೆ ಹಾಕುತ್ತೆ ಬಿಡಿ."

* * *

ಸಂಜೆ ಎಲ್ಲರೂ ಕೆಂಗೇರಿಯಲ್ಲಿ ತಮ್ಮಣ್ಣನ ಅಂಗಳದಲ್ಲಿದ್ದರು. ಜೀಪಿನ ಹಿಂದಿನ ಕೊಕ್ಕೆಯಲ್ಲಿ ಸರಪಳಿ ಉಜ್ಜಿದ ಹೊಸ ಗುರುತು ಹೊಳೆಯುತ್ತಿತ್ತು. ತಮ್ಮಣ್ಣ ಹೆಗಲ ಟವೆಲನ್ನು ಹಿಂಡುತ್ತ ನಿಂತಿದ್ದರು.

"ಹೆಚ್‌ಪಿ ಜಾಸ್ತಿ ಇದ್ರೆ ಎಳೆತವೂ ಜಾಸ್ತಿ ಅಂದ್ಕೊಂಡ್ರಿ ಮಹೇಶ್," ಎಂದಳು ಸ್ಪಂದನ. "ಅಲ್ಲೇ ಎಡವಿದ್ರಿ. ತಿರುಗಿಸೋ ಬಲಕ್ಕೆ ಟಾರ್ಕ್ ಅಂತಾರೆ. ಆ ಬಲ ಎಷ್ಟು ವೇಗವಾಗಿ ಕೆಲಸ ಮಾಡುತ್ತೆ ಅನ್ನೋದು ಹೆಚ್‌ಪಿ. ಶಿವಕಿರಣನ ಕಾರಿಗೆ ನೂರಿಪ್ಪತ್ತು ಬರೋದು ಇಂಜಿನ್ ಜೋರಾಗಿ ಸುತ್ತಿದಾಗ ಮಾತ್ರ. ಮೈಸೂರು ರೋಡಲ್ಲಿ ಇವನನ್ನ ಹಿಡಿಯೋಕಾಗಲ್ಲ. ನಿಂತ ಕಲ್ಲು ಕೀಳೋಕೆ ಇಂಜಿನ್ ನಿಧಾನಕ್ಕೆ ಸುತ್ತುವಾಗಲೇ ಬಲ ಬೇಕು. ಅದಿಲ್ಲದೆ ರೇಸ್ ಮಾಡಿ ಮಾಡಿ ಕ್ಲಚ್ ಸುಟ್ಕೊಂಡ. ಇವನ ಕೈಲಿ ಆಗಲಿಲ್ಲ ಅನ್ನೋದಕ್ಕೆ ಆ ವಾಸನೆಯೇ ಸಾಕ್ಷಿ."

"ಈ ಮುದಿ ಜೀಪಿನ ಕೈಲಿ ಆಯ್ತಾ?"

"ಹೆಚ್‌ಪಿ ಅರ್ಧ ಇರಬಹುದು. ಆದ್ರೆ ಹಳೇ ಡೀಸೆಲ್‌ಗೆ ನಿಧಾನದಲ್ಲೇ ಬಲ. ಲೋ ಗೇರಿಗೆ ಹಾಕಿದ್ರೆ ನಾಲ್ಕೂ ಚಕ್ರಕ್ಕೆ ಅದು ಇನ್ನಷ್ಟಾಗಿ ಸಿಗುತ್ತೆ."

"ಕುದುರೆ ಓಡ್ತದೆ, ಎತ್ತು ಎಳೀತದೆ ಕಣಪ್ಪ," ಎಂದರು ತಮ್ಮಣ್ಣ.  "ನಾನೇ ತಂದಿದ್ದು, ರಸ್ತೆಗೆ ಬಂದ ಮೇಲೆ ಬಾಡಿಗೆ ಕ್ರೇನಲ್ಲಿ. ಹಿಂದುಗಡೆ ಅದೆ. ಕಿರಣ, ನಿನ್ನ ಮೇಲೆ ಬತ್ತದೆ ಅಂತ ಗೊತ್ತಿದ್ರೆ ಮುಟ್ತಿರಲಿಲ್ಲ ಮಗ. ಬರ್ಕೊಳಿ ಮೇಡಂ, ನನ್ನ ಹೆಸರು ಬರ್ಕೊಳಿ."

ಹುಡುಗ ಅಜ್ಜಿಯ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟ.

"ಏನೂ ಬರೀಬೇಡ ಕಣವ್ವ," ಎಂದರು ರಾಮಮ್ಮ. "ಮನೆ ನನ್ನ ಹೆಸರಲ್ಲೇ ಅದೆ, ಬಾನೀನೂ ನಂದೇ. ಕಳ್ಳತನ ಆಗಿಲ್ಲ ಅಂತ ನಾನು ಹೇಳ್ತೀನಿ."  ರಾಮಮ್ಮ ಮೈದುನನ ಕಡೆ ತಿರುಗಿದರು. "ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ ತಮ್ಮಣ್ಣ?"

"ಹೆಂಗೆ ಕೇಳಲಿ ಅತ್ತಿಗೆ? ಪಾಲಾದ ದಿನ ಅಣ್ಣನ ಎದುರಿಗೆ, ಆ ಮನೆಯ ಒಂದು ಕಡ್ಡಿಯೂ ಬೇಡ ಅಂತ ಎದ್ದು ಬಂದಿದ್ದೆ. ಹೋರಿಗಳು ಕಲಗಚ್ಚು ಕುಡೀವಾಗ ಕೊರಳು ನೇವರಿಸ್ತಾ ನಿಂತಿರ್ತಿದ್ದೆ. ಆ ಬಾನಿಯೊಂದನ್ನ ಬಿಟ್ಟು ಬಂದಿದ್ದು ಈಗ್ಲೂ ಸಂಕಟ, ಹೋಟೆಲಿಗೆ ಹೋಗ್ತದೆ ಅಂತ ಕೇಳಿ ತಡೀಲಾಗಲಿಲ್ಲ. ಆದ್ರೆ ಆಡಿದ ಮಾತು ಆಡಿಬಿಟ್ಟಿದ್ದೆ."

ರಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಮೇಲೆ ನಿಮ್ಮಣ್ಣ ಸಾಯೋಗಂಟ ಆ ಬಾನೀನ ದಿನಾ ತೊಳೀತಿದ್ರು ಕಣೋ. ತಮ್ಮಣ್ಣ ಬಂದು ಕೇಳ್ತಾನೆ, ಕೊಡಬೇಕು ಅಂತ."