ಆರನೇ ಕಿಟಕಿಯ ಮಾಮ

ಆರನೇ ಕಿಟಕಿಯ ಹಿಂದೆ ಸೇಕರ್ ಕೂತಿರುವುದನ್ನು ಕಂಡಾಗ ನನ್ನ ಹೊಟ್ಟೆ ತಣ್ಣಗಾಯಿತು. ಸಿಕ್ಕಿದೆಯಾ ಮಗನೇ, ಅಂದುಕೊಂಡೆ.

ತಮಿಳು ಸೀಮೆಯ ದಿಂಡಿಗಲ್ಲಿನ ಕಾಲೇಜಿನಲ್ಲಿ ಬಂದವರಿಗೆ ದಾರಿ ಹೇಳುವ ಕೆಲಸಕ್ಕೆ ನಾನು ಸೇರಿದ ಮೊದಲ ದಿನ ಅದು. ಸಾವಿರದ ಒಂಬೈನೂರ ಅರವತ್ತಾರು. ಅಲ್ಲಿನ ಗುಮಾಸ್ತ ಸೇಕರ್ ನನ್ನ ಸೋದರತ್ತೆಯ ಮಗ, ಹುಟ್ಟಿದಾಗಿನಿಂದ ನನಗೆಂದೇ ಹೇಳಿಟ್ಟ ಗಂಡು. ಹಿಂದಿನ ವರ್ಷ ಕಂಬಂನ ನಮ್ಮ ಮನೆಗೆ ಹೆಣ್ಣು ಕೇಳಲು ಬಂದಿದ್ದ. ನಾನು ಸೊಂಬು ಹಿಡಿದು, ನೀರು ಬೇಕಾ ಮಾಮ ಅಂತ ಕೇಳಿದೆ. ಅವನು ತಲೆಯನ್ನೂ ಎತ್ತದೆ ತಮಿಳಿನಲ್ಲಿ ಹೇಳಿದ.

"ವೇಣ್ಡಾಂ."

ಬೇಡವಂತೆ! ನಾವು ತಲೆಮಾರುಗಳಿಂದ ಇಲ್ಲಿ ನೆಲೆಸಿದ ಕನ್ನಡದವರು. ಸಂತೆಯಲ್ಲಿ ತಮಿಳು ಆಡುತ್ತೇವೆ, ಬಸ್ಸಿನಲ್ಲಿ ಆಡುತ್ತೇವೆ. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡವೇ. ಕಟ್ಟಿಕೊಳ್ಳುವ ಹೆಣ್ಣಿಗೆ ಮನೆಯೊಳಗೆ ತಮಿಳಿನಲ್ಲಿ ಉತ್ತರ ಕೊಟ್ಟರೆ, ನೀನು ನನ್ನವಳಲ್ಲ ಅಂದಂತೆ. ಅಪ್ಪ ತಾಂಬೂಲದ ತಟ್ಟೆಯನ್ನು ಎತ್ತಿ ಒಳಗಿಟ್ಟರು. ಆಮೇಲೆ ಬೀದಿಯವರೆಲ್ಲ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವವಳಲ್ಲ.

ಕಾಲೇಜಿನ ಬಾಗಿಲಲ್ಲಿ ಒಂದು ದೊಡ್ಡ ಬೋರ್ಡು ಇತ್ತು. ಅದರ ತುಂಬ ಆಫೀಸರುಗಳ ಪದವಿಗಳು. ಹಳ್ಳಿಯಿಂದ ಬಂದವರಿಗೆ ಹಣದ ಲೆಕ್ಕ ನೋಡುವ ಬರ್ಸಾರ್ ಅಂದರೆ ಮನುಷ್ಯನೋ ಮದ್ದೋ ತಿಳಿಯದು. ಜನಕ್ಕೆ ಅರ್ಥವಾಗುವ ಹಾಗೆ ಜೋಡಿಸಮ್ಮ ಅಂತ ಪ್ರಿನ್ಸಿಪಾಲರು ನನಗೆ ಒಪ್ಪಿಸಿದರು. ನಾನು ಪದವಿಗಳನ್ನೆಲ್ಲ ಅಳಿಸಿ, ಬಂದವರು ಏನು ಕೇಳುತ್ತಾರೋ ಅದನ್ನೇ ಬರೆಸಿದೆ. ಸೇರಬೇಕೆ, ಒಂದನೇ ಕಿಟಕಿ. ಫೀಸು ಕಟ್ಟಬೇಕೆ, ಎರಡನೆಯದು. ಹಾಸ್ಟೆಲ್ಲು, ಸರ್ಟಿಫಿಕೇಟು, ಪರೀಕ್ಷೆ, ಹೀಗೆ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು: ಎಲ್ಲಿಗೆ ಹೋಗಬೇಕೋ ತಿಳಿಯದವರು, ಆರನೇ ಕಿಟಕಿ.

ತಲೆನೋವುಗಳೆಲ್ಲ ಸೇಕರನ ಪಾಲಾದವು. ಅಷ್ಟಕ್ಕೇ ಬಿಟ್ಟೆನೇ? ಕಂಬಂ, ಬೋಡಿ ಕಡೆಯಿಂದ ಮೊಮ್ಮಕ್ಕಳನ್ನು ಸೇರಿಸಲು ನಮ್ಮ ಕನ್ನಡದ ಅಜ್ಜಿಯರು ಬರುತ್ತಿದ್ದರು. ಅವರನ್ನೆಲ್ಲ ಹುಡುಕಿ ಹುಡುಕಿ ಅಲ್ಲಿಗೇ ಕಳಿಸಿದೆ. ಅಲ್ಲಿರೋದು ನಮ್ಮ ಹುಡುಗ, ನಮ್ಮ ಮಾತಲ್ಲೇ ಕೇಳಿ, ತಮಿಳಾಡಿದರೆ ಬಿಡಬೇಡಿ ಅಂತ ಕಿವಿಯಲ್ಲಿ ಊದಿದೆ. ಓಚ್ಚಮ್ಮಾಳ್ ಅನ್ನುವ ಅಜ್ಜಿ ಅವನಿಗೆ ಮಂಗಳಾರತಿ ಎತ್ತಿದ್ದು ನನ್ನ ಮೇಜಿನವರೆಗೂ ಕೇಳಿಸಿತು. ಅವನ ಕಿವಿ ಕೆಂಪಾಗಿತ್ತು. ಮಾಡಿದ್ದುಣ್ಣೋ ಮಹರಾಯ!

ನಡುವೆ ಅವನು ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದ. ನಾನು ಬೇಕೆಂದೇ ಜಡೆ ಹಿಂದಕ್ಕೆ ಎಸೆದು ಮುಖ ತಿರುಗಿಸುತ್ತಿದ್ದೆ. ಆದರೆ ಅವನು ಬೋರ್ಡು ಬದಲಿಸಿ ಅಂತ ಯಾರ ಹತ್ತಿರವೂ ದೂರಲಿಲ್ಲ. ದಿನ ಕಳೆದಂತೆ ಅಜ್ಜಿಯರು ನಗುತ್ತಾ ವಾಪಸು ಬರತೊಡಗಿದರು. ಅದು ನನ್ನನ್ನು ಇನ್ನೂ ಉರಿಸಿತು.

ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದಿನ ಸರದಿಯ ಕೊನೆಯಲ್ಲಿ ಅವನೇ ನಿಂತಿದ್ದ. ಅವನ ಸರದಿ ಬಂದಾಗ ಮೇಜಿನ ಅಂಚು ಹಿಡಿದುಕೊಂಡ.

"ದೈವಾನೈ, ನಂಗೂ ಎಲ್ಲಿಗ್ ಓಗ್ಬೇಕೋ ತಿಳೀದು. ಅವ್ವ ಸತ್ಮೇಲೆ ತಮಿಳ್ರ ಆಸ್ಟೆಲ್ನಾಗೆ ಬೆಳ್ದೆ. ಅವತ್ತು ನೀ ಕೇಳಿದ್ದು ಅರ್ತ ಆಯ್ತು. ನಾಲಿಗೆ ತಿರುಗ್ಲಿಲ್ಲ. ತಪ್ಪಾಡುದ್ರೆ ನೀ ನಗ್ತೀಯೇನೋ ಅಂತ ಬಯ ಆಯ್ತು."

ಅಜ್ಜಿಯರ ಹತ್ತಿರ ಕಲಿತ ಕನ್ನಡ, ಓಚ್ಚಮ್ಮಾಳ ರಾಗವೇ. ಹಾಳಾದವನು ಇಷ್ಟವಾಗಿಬಿಟ್ಟ. ಹಾಗಂತ ಸೇಡು ಬಿಡಲಾದೀತೇ? ಅವಮಾನ ಆದದ್ದು ಕಂಬಂನಲ್ಲಿ, ಇದನ್ನು ಅಲ್ಲೇ ಬಂದು ಹೇಳಿ ಅಂದೆ.

ಮುಂದಿನ ಭಾನುವಾರವೇ ಬಂದ. ಬೀದಿಯವರು ಬಾಗಿಲಿಗೆ ಮುತ್ತಿಕೊಂಡರು. ಎಲ್ಲರೆದುರು ಅವನು ನಮ್ಮ ಮಾತಿನಲ್ಲಿ ಕುಡಿಯಲು ನೀರು ಕೇಳಿದ. ನಾನು ಸೊಂಬು ಕೊಟ್ಟೆ. ಅಪ್ಪನ ಕಣ್ಣು ಒದ್ದೆಯಾಯಿತು. ಒಪ್ಪಿಗೆಯೇನಮ್ಮ ಅಂತ ನನ್ನನ್ನು ಕೇಳಿದರು.

ನಾನು ತಲೆ ಎತ್ತದೆ ಹೇಳಿದೆ.

"ವೇಣ್ಡಾಂ."

ಸೇಕರನ ಮುಖ ಬಿಳಿಚಿತು, ಸೊಂಬಿನ ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಆ ಒಂದು ಮಾತಿಗೆ ಎದೆ ಹೇಗೆ ಒಡೆಯುತ್ತದೆ ಅಂತ ಅವನಿಗೆ ಗೊತ್ತಾಗುವವರೆಗೆ ಅವನನ್ನೇ ನೋಡುತ್ತಾ ನಿಂತೆ. ಆಮೇಲೆ ಸೆರಗಿನಿಂದ ಅವನ ಕೈ ಒರೆಸಿದೆ.

"ಅಪ್ಪಾ, ತಾಂಬೂಲದ ತಟ್ಟೆ ಈಚೆ ತಾ," ಅಂದೆ. "ಮಾಮ ಅತ್ಬುಡ್ತಾರೆ."