ಮೊದಲ ಚಮಚ

"ಚೆನ್ನಾಗಿದೆ. ಕಪ್ಪಿಗೆ ತುಂಬಿಸಿ."

ಅವಳು ಐಸ್‌ಕ್ರೀಮಿನ ರುಚಿ ನೋಡಿದ ಚಮಚವನ್ನು ನೀರಿಗೆ ಹಾಕಿ ಗೋಡೆಗೆ ಒರಗಿದಳು. ಈಗಷ್ಟೇ ಬೆಳಗಾಗಿತ್ತು, ಆಗಲೇ ಕಾಲುಗಳು ಸೋತಿದ್ದವು.

ಬಾಗಿಲ ಬಳಿ ಖಾಲಿ ಕ್ಯಾನಿಗಾಗಿ ಕಾಯುತ್ತಿದ್ದ ಹೊಸ ಹಾಲಿನವನಿಗೆ ಅವಳ ಸೋದರತ್ತೆ ಒಂದು ಕಪ್ಪು ಕೊಟ್ಟಳು. ಸೊಂಟ ಹಿಡಿದು ಮಲಗಿದ್ದ ತನ್ನ ಅಣ್ಣನ ಬದಲಿಗೆ ಅವನು ಹಳ್ಳಿಯಿಂದ ಹಾಲು ತಂದ ಮೊದಲ ದಿನ ಅದು.

ಬಾಯಿಗಿಟ್ಟ. ಮುಖ ಹಿಂಡಿಹೋಯಿತು!

ಅವನು ತಲೆಯೆತ್ತಿ ಅವಳನ್ನೇ ನೋಡಿದ. ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು.

'ಏನೋ ಕೆಟ್ಟಿದೆ... ನನಗೆ ಗೊತ್ತಾಗಲೇ ಇಲ್ಲ...'

ಮರುಕ್ಷಣ ಅವನು ಕ್ಯಾನು ಎತ್ತಿಕೊಂಡು ತಿರುಗಿದ. ಅದು ಐಸ್‌ಕ್ರೀಮಿನ ಡಬ್ಬಕ್ಕೆ ಬಡಿದು, ಡಬ್ಬ ಉರುಳಿ, ಬೆಳಗಿನ ಐಸ್‌ಕ್ರೀಮೆಲ್ಲ ನೆಲದ ಪಾಲಾಯಿತು.

"ಅಯ್ಯೋ ನಿನ್ನ ಕೈ ಸೇದಿಹೋಗ! ಕಣ್ಣನ್ನ ಕೊಟ್ಟಿಗೇಲಿ ಬಿಟ್ಟು ಬಂದ್ಯೇನೋ?" ಅತ್ತೆ ಕೂಗಿಕೊಂಡಳು.

"ತಪ್ಪಾಯ್ತಮ್ಮ," ಎಂದು ಅವನು ನೆಲ ಒರೆಸಲು ಕೂತ. ಅವಳು ಬಕೆಟ್ ತಂದಿಟ್ಟಾಗ ಮೆಲ್ಲಗೆ ಹೇಳಿದ: "ಉಪ್ಪುನೀರು ಡಬ್ಬದೊಳಗೆ ಹೋಗಿತ್ತು, ಮೇಡಂ."

ಬೇಕೆಂದೇ ಬೀಳಿಸಿದ್ದ!

"ನನಗೆ... ನೆಗಡಿ," ಎಂದಳು.

"ಸರಿ," ಎಂದ ಅವನು.

ಆ ಐಸ್‌ಕ್ರೀಮ್ ಕಾರ್ಖಾನೆಯನ್ನು ಶುರು ಮಾಡಿದ್ದು ಅವಳ ತಾತ, ಒಂದೇ ಒಂದು ಮರದ ತೊಟ್ಟಿಯಿಂದ. ತೊಟ್ಟಿಯ ನಡುವೆ ಹಾಲಿನ ಡಬ್ಬ, ಸುತ್ತಲೂ ಮಂಜುಗಡ್ಡೆ, ಮೇಲೆ ಕಲ್ಲುಪ್ಪು. ತೋಳು ಬೀಳುವವರೆಗೆ ಹಿಡಿ ತಿರುಗಿಸಬೇಕು. ಮುಚ್ಚಳ ಒಂದಿಷ್ಟು ಸಡಿಲವಾದರೂ ಉಪ್ಪುನೀರು ಹಾಲಿಗಿಳಿಯುತ್ತದೆ. ಅಪ್ಪನ ಕಾಲಕ್ಕೆ ಯಂತ್ರಗಳು ಬಂದವು, ಬಣ್ಣಬಣ್ಣದ ಬಗೆಗಳು ಬಂದವು. ಕೆನೆ ಐಸ್‌ಕ್ರೀಮ್ ಮಾತ್ರ ಇಂದಿಗೂ ತೊಟ್ಟಿಯಲ್ಲೇ.

ತಾತನ ನಿಯಮ ಒಂದೇ. ತೊಟ್ಟಿಯ ಮೊದಲ ಚಮಚ ಮನೆಯವರ ಬಾಯಿಗೆ. ಅವರು ಒಪ್ಪದೆ ಒಂದು ಕಪ್ಪೂ ಹೊರಗೆ ಹೋಗುವಂತಿಲ್ಲ.

ತಾತನ ನಂತರ ಅಪ್ಪ ರುಚಿ ನೋಡುತ್ತಿದ್ದರು. ಪಕ್ಕದಲ್ಲಿ ಅಮ್ಮ, ಅಮ್ಮನ ಕೈಯಲ್ಲೂ ಒಂದು ಚಮಚ. ಅಮ್ಮ ತೀರಿಕೊಂಡ ಮೇಲೆ ಅಪ್ಪ ತಮ್ಮ ಚಮಚವನ್ನು ಮಗಳ ಕೈಗಿಟ್ಟರು.

"ನನ್ನ ಕೈಲಿ ಇನ್ನಾಗಲ್ಲ ಪುಟ್ಟಿ. ಇನ್ಮೇಲೆ ನೀನು. ನಿನ್ನ ಕೈಲೂ ಆಗದಿದ್ರೆ ಮಾರಿಬಿಡೋಣ."

ದೊಡ್ಡ ಕಂಪನಿಯವರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು.

ಆಮೇಲೆ ಅವಳಿಗೊಂದು ಜ್ವರ ಬಂತು. ಜ್ವರ ಬಿಟ್ಟಿತು, ನಾಲಿಗೆ ಮಾತ್ರ ಮರಳಲಿಲ್ಲ. ಸಿಹಿಯಿಲ್ಲ, ಉಪ್ಪಿಲ್ಲ, ಬರೀ ತಣ್ಣಗೆ. ಅವಳು ಯಾರಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ತಿಂದು ತಲೆಯಾಡಿಸುವ ಆ ನಾಟಕ ತೊಟ್ಟಿ ತಿರುಗಿಸುವುದಕ್ಕಿಂತ ಹೆಚ್ಚು ದಣಿಸುತ್ತಿತ್ತು.

ಡಬ್ಬ ಉರುಳಿದ ಮರುದಿನ ಅವಳೇ ಅವನಿಗೊಂದು ಚಮಚ ಚಾಚಿದಳು.

"ನಿಮ್ಮದೇ ಹಾಲು. ನೀವೂ ನೋಡಿ."

ಅವನು ತಿಂದ. ಹುಬ್ಬು ಕೊಂಚ ಮೇಲೇರಿತು.

"ಸಕ್ಕರೆ ಸ್ವಲ್ಪ ಹೆಚ್ಚಾಯ್ತು ಅಲ್ವಾ?" ಎಂದಳು, ಅವನ ಮುಖ ನೋಡುತ್ತಲೇ.

"ಹೌದು ಮೇಡಂ, ನೀವು ಹೇಳಿದ ಹಾಗೇ!"

ದಿನಗಳು ಹಾಗೇ ಸಾಗಿದವು. ಅವನ ಹುಬ್ಬು, ತುಟಿ, ಗಂಟಲು ಅವಳಿಗೆ ಪಾಠವಾದವು. ಸೋತು ನಿಂತವಳ ಬಳಿಗೆ ಅವನು ಸ್ಟೂಲನ್ನು ಕಾಲಿನಿಂದಲೇ ಮೆಲ್ಲಗೆ ಸರಿಸುತ್ತಿದ್ದ, ಏನೂ ಅರಿಯದವನಂತೆ.

"ಹಾಲಿನವನಿಗೆ ದಿನಾ ಮೊದಲ ಚಮಚ," ಅತ್ತೆ ಗೊಣಗುತ್ತಿದ್ದಳು. "ನಮಗೆ ಡಬ್ಬ ತೊಳೆಯೋ ಭಾಗ್ಯ!"

ಒಂದು ಬೆಳಗ್ಗೆ ಅವನು ಅಪ್ಪನ ಕೋಣೆಯಿಂದ ತಲೆತಗ್ಗಿಸಿಕೊಂಡು ಹೊರಬಂದ. ಅವನ ಹಿಂದೆಯೇ ಅಪ್ಪ, ಅಮ್ಮ ಹೋದಮೇಲೆ ಮೊದಲ ಬಾರಿಗೆ, ತೊಟ್ಟಿಯ ಬಳಿ ಬಂದು ನಿಂತರು.

"ನೋಡು ಪುಟ್ಟಿ. ನಾನೂ ನೋಡ್ತೀನಿ."

'ಹೇಳಿಬಿಟ್ಟ... ಎಲ್ಲ ಹೇಳಿಬಿಟ್ಟ!'

ಅವಳು ಚಮಚ ಬಾಯಿಗಿಟ್ಟಳು. ಅವಳು ಅವನ ಮುಖ ನೋಡಲಿಲ್ಲ. "ಚೆನ್ನಾಗಿದೆ," ಎಂದಳು. ಅಪ್ಪ ಇಬ್ಬರನ್ನೂ ಒಮ್ಮೆ ನೋಡಿ ಹೊರಟುಹೋದರು.

ಅಂಗಳದಲ್ಲಿ ಅವಳು ಅವನನ್ನು ತಡೆದಳು. "ನಾಳೆಯಿಂದ ನೀವು ಬರೋದು ಬೇಡ."

"ಮೇಡಂ, ನಾನು—"

"ಬೇಡ ಅಂದೆನಲ್ಲ!"

ಅವನು ಕ್ಯಾನುಗಳನ್ನು ಗಾಡಿಗೇರಿಸಿ ಹೋದ. ಮರುದಿನ ಅವನ ಅಣ್ಣ ಸೊಂಟ ಹಿಡಿದುಕೊಂಡು ಹಾಲು ತಂದ. ಅವಳು ಮೊದಲ ಚಮಚ ಬಾಯಿಗಿಟ್ಟು, ಯಾರ ಮುಖವೂ ಇಲ್ಲದ ಬಾಗಿಲನ್ನು ನೋಡುತ್ತ ನಿಂತಳು. ಇನ್ನು ಸಾಕು ಅನ್ನಿಸಿತು.

"ಮಾರಿಬಿಡಿ ಅಪ್ಪ," ಎಂದಳು, ಕೋಣೆಯ ಬಾಗಿಲಲ್ಲಿ ನಿಂತು. "ನನ್ನ ನಾಲಿಗೆ ಸತ್ತಿದೆ. ಅವನು ನಿಮಗೆ ಹೇಳಿದ್ದು ನಿಜ."

"ಯಾರು ಹೇಳಿದ್ದು?" ಅಪ್ಪ ಕನ್ನಡಕ ತೆಗೆದರು. "ಅವನು ಕೇಳಿದ್ದು ಬೇರೆ. ಅಣ್ಣನಿಗೆ ವಾಸಿಯಾದ್ರೂ ಹಾಲು ನಾನೇ ತರ್ತೀನಿ ಅಂದ. ಯಾರು ತಂದ್ರೇನಪ್ಪ ಅಂದೆ. ಕಿವಿವರೆಗೂ ಕೆಂಪಾದ! ಏನಿದು ಅಂತ ನೋಡೋಕೆ ಬಂದೆ."

ಅವಳು ಕುರ್ಚಿ ಎಳೆದುಕೊಂಡು ಅಪ್ಪನ ಎದುರು ಕೂತಳು.

"ನಿಮ್ಮಮ್ಮ ನನ್ನ ಪಕ್ಕದಲ್ಲಿ ಯಾಕೆ ನಿಲ್ತಿದ್ದಳು ಅಂದ್ಕೊಂಡಿದ್ದೀಯ?" ಅಪ್ಪನ ದನಿ ತಗ್ಗಿತು. "ಬೆಳಗಾದರೆ ಐಸು... ನನ್ನ ನಾಲಿಗೆ ಯಾವತ್ತೋ ಮರಗಟ್ಟಿತ್ತು. ನಾನು ರುಚಿ ನೋಡ್ತಿದ್ದದ್ದು ಅವಳ ಮುಖದಲ್ಲಿ, ಪುಟ್ಟಿ. ಅವಳು ಹೋದಮೇಲೆ ನನಗೆ ರುಚಿಯೂ ಹೋಯ್ತು."

"ತಾತ?"

"ಅವರದು ಗೊತ್ತಿಲ್ಲ. ಆದ್ರೆ ಅಜ್ಜಿ ಇಲ್ಲದೆ ಅವರು ಚಮಚ ಮುಟ್ಟಿದ್ದನ್ನ ನಾನು ಕಂಡಿಲ್ಲ."

ಮಧ್ಯಾಹ್ನ ಅವಳು ಒಂದು ಕಪ್ಪು ಐಸ್‌ಕ್ರೀಮ್ ಹಿಡಿದು ಹಳ್ಳಿಯ ಬಸ್ಸು ಹತ್ತಿದಳು. ಬಿಸಿಲು, ಧೂಳು, ನಿಂತು ನಿಂತು ಸಾಗುವ ಬಸ್ಸು. ಅವನು ಕೆರೆಯಂಚಿನಲ್ಲಿ ಎಮ್ಮೆಯ ಮೈ ಉಜ್ಜುತ್ತಿದ್ದ. ಅವಳನ್ನು ಕಂಡಾಗ ಉಜ್ಜುತ್ತಿದ್ದ ಹುಲ್ಲಿನ ಸಿಂಬೆ ಅವನ ಕೈಯಿಂದ ಜಾರಿತು.

ಅವಳು ಕಪ್ಪು ಚಾಚಿದಳು. ಅವನು ಒದ್ದೆ ಕೈಯಲ್ಲೇ ತೆಗೆದುಕೊಂಡು ಕುಡಿದ.

"ಹೇಗಿದೆ?"

"ಕರಗಿದೆ."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು. "ನಂದು ನೆಗಡಿಯಲ್ಲ..."

"ಗೊತ್ತು. ಇಷ್ಟು ದಿನದ ನೆಗಡಿ ನಮ್ಮ ಎಮ್ಮೆಗೂ ಬರಲ್ಲ."

"ಗೊತ್ತಿದ್ದೂ ಯಾಕೆ ಒಂದು ಮಾತೂ ಆಡ್ಲಿಲ್ಲ?"

ಅವನು ಕಪ್ಪಿನೊಳಗೆ ನೋಡುತ್ತ ಹೇಳಿದ: "ಆಡಿದ್ರೆ, ನೀವು ನನ್ನ ಮುಖ ನೋಡೋದು ನಿಲ್ಲಿಸ್ತಿದ್ರಿ."

ಎಮ್ಮೆ ನೀರಿನಲ್ಲಿ ಹೊರಳಿತು. ಇಬ್ಬರ ಮೇಲೂ ಕೆಸರು ಸಿಡಿಯಿತು. ಯಾರೂ ಅಲುಗಲಿಲ್ಲ.

"ಮೊದಲ ಚಮಚ ಮನೆಯವರೇ ತಿನ್ನಬೇಕು," ಎಂದಳು ಅವಳು. "ತಾತನ ನಿಯಮ. ನೀವು ಇಷ್ಟು ದಿನ ತಿಂದಿದ್ದು ತಪ್ಪು."

"ಹಾಗಾದ್ರೆ ಬಿಡ್ಬೇಕಾ?"

"ಬಿಡೋದಲ್ಲ... ಮನೆಯವರಾಗ್ಬೇಕು."

ಅವನ ಹುಬ್ಬು ಮೇಲೇರಿತು. ತುಟಿ ಅರಳಿತು. ಅವಳು ದಣಿದ ಕಾಲುಗಳನ್ನು ಚಾಚಿ ಕೆರೆಯ ದಂಡೆಯ ಮೇಲೆ ಕೂತು, ಆ ಮುಖವನ್ನು ನಿಧಾನವಾಗಿ ಓದಿದಳು.

"ಏನು ಕಾಣ್ತು?" ಎಂದ ಅವನು.

"ಸಿಹಿ ಸರಿಯಾಗಿದೆ," ಎಂದಳು.