ಒಂದೇ ಕಿವಿಯ ಬೆಂಡೋಲೆ

“ಇಷ್ಟು ದೂರ ಬಂದದ್ದು ಬೇಲಿ ನೋಡ್ಲಿಕ್ಕಾ?” ಎಂದು ಅಜ್ಜಿ ಕೇಳಿದರು.

ಬೇಲಿಯ ಆಚೆ ನೆದರ್‌ಲ್ಯಾಂಡಿನ ಪಾರ್ಲಿಮೆಂಟ್ ಇತ್ತು. ಅದು ರಿಪೇರಿಯಲ್ಲಿತ್ತು. ಎದ್ದು ಕಾಣುತ್ತಿದ್ದದ್ದು ಕ್ರೇನುಗಳು ಮಾತ್ರ.

“ಈ ಹೇಗ್ ಪಟ್ಟಣ ಅಂದ್ರೆ ಇಲ್ಲಿಯ ಸರ್ಕಾರ ಇರುವ ಊರು ಅಮ್ಮ,” ಎಂದರು ಭವಿತಾ ಚಿಕ್ಕಮ್ಮ. ಅವರು ಈ ದೇಶದ ಒಂದು ಆಸ್ಪತ್ರೆಯಲ್ಲಿ ನರ್ಸ್. ದಸರಾ ರಜೆಗೆಂದು ಅಜ್ಜಿಯನ್ನೂ ಐದನೇ ಕ್ಲಾಸಿನ ಪ್ರೀತಿಕಾಳನ್ನೂ ತಮ್ಮ ಊರು ಗುತ್ತಿಗಾರಿನಿಂದ ಕರೆಸಿಕೊಂಡಿದ್ದರು. “ಆ ಕೆರೆಯ ಬದಿಯಲ್ಲಿ ಸಣ್ಣ ಗೋಪುರ ಉಂಟಲ್ಲ, ಅದು ಪ್ರಧಾನಮಂತ್ರಿಯ ಆಫೀಸ್. ರಿಪೇರಿ ಮುಗಿಯುವವರೆಗೆ ಅವರೂ ಬೇರೆ ಕಡೆ.”

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. “ನಮ್ಮ ಪಂಚಾಯತ್ ಆಫೀಸ್ ಇದಕ್ಕಿಂತ ದೊಡ್ಡದುಂಟು.”

ಪ್ರೀತಿಕಾ ಗೋಪುರ ನೋಡಲಿಲ್ಲ. ಅವಳು ನೆಲ ನೋಡುತ್ತಿದ್ದಳು.

ಅವಳ ಉಣ್ಣೆಯ ಟೊಪ್ಪಿಯೊಳಗೆ ಎಡಗಿವಿ ಖಾಲಿಯಾಗಿತ್ತು. ಕೆಂಪು ಕಲ್ಲಿನ ಬೆಂಡೋಲೆ ಅಜ್ಜಿಯದ್ದು. “ದೊಡ್ಡ ಊರಿಗೆ ಹೋಗುದು, ಚಂದ ಕಾಣ್ಲಿ,” ಎಂದು ಬೆಳಿಗ್ಗೆ ಅವರೇ ತಮ್ಮ ಕಿವಿಯಿಂದ ಬಿಚ್ಚಿ ಅವಳಿಗೆ ಹಾಕಿದ್ದರು. ರೈಲಿನಲ್ಲಿ ಮುಟ್ಟಿ ನೋಡಿದರೆ ಒಂದು ಇಲ್ಲ. ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿ ಸೀಟಿನಡಿ ಹುಡುಕಿದ್ದಳು. ನಾಲ್ಕನೇ ಸಲ ಬಗ್ಗಿದಾಗ ಚಿಕ್ಕಮ್ಮ, “ಶೂ ಸಣ್ಣದಾಯ್ತಾ?” ಎಂದು ಕೇಳಿದ್ದರು.

“ಇಲ್ಲ,” ಎಂದಿದ್ದಳು ಪ್ರೀತಿಕಾ.

ಪಾರ್ಲಿಮೆಂಟಿನ ಪಕ್ಕದಲ್ಲೇ ಚಿತ್ರಗಳ ಮ್ಯೂಸಿಯಂ. ಅದು ತೆರೆದಿತ್ತು.

“ಟೊಪ್ಪಿ ತೆಗಿ ಮಾರಾಯ್ತಿ. ಒಳಗೆ ಸೆಕೆ ಉಂಟು.”

“ನಂಗೆ ಚಳಿ ಚಿಕ್ಕಮ್ಮ,” ಎಂದಳು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

ಕೋಣೆಯಿಂದ ಕೋಣೆಗೆ ನಡೆದರು. ಒಂದು ಕಡೆ ಸಣ್ಣ ಚಿತ್ರವೊಂದರ ಮುಂದೆ ಜನವೋ ಜನ. ತಲೆಗೆ ನೀಲಿ ಬಟ್ಟೆ ಸುತ್ತಿದ ಹುಡುಗಿಯೊಬ್ಬಳು ತಿರುಗಿ ನೋಡುತ್ತಿದ್ದಳು. ಕಿವಿಯಲ್ಲಿ ದೊಡ್ಡ ಮುತ್ತು.

“ಯಾರಿವಳು?” ಎಂದು ಅಜ್ಜಿ ಕೇಳಿದರು.

“ಯಾರಿಗೂ ಗೊತ್ತಿಲ್ಲಂತೆ.”

“ಇನ್ನೊಂದು ಓಲೆ ಎಲ್ಲಿ?”

“ಆ ಕಿವಿ ಆಚೆ ಬದಿಗೆ ಅಮ್ಮ. ಕಾಣುದಿಲ್ಲ.”

“ಕಾಣುದಿಲ್ಲ ಅಲ್ಲ, ಇಲ್ಲವೇ ಇಲ್ಲ. ಮುಖ ನೋಡು, ಬಾಯಿ ಅರ್ಧ ತೆರೆದಿದ್ದಾಳೆ. ಒಂದು ಕಳೆದು ಹಾಕಿದ್ದಾಳೆ. ಮನೆಯವರಿಗೆ ಹೇಳುದಾ, ಬೇಡವಾ ಅಂತ ಯೋಚನೆ ಮಾಡುದು. ಪಾಪ.”

ಪ್ರೀತಿಕಾ ತಿರುಗಿ ಅಜ್ಜಿಯನ್ನು ನೋಡಿದಳು. ಅಜ್ಜಿಗೆ ಎಲ್ಲ ಗೊತ್ತಾಗಿದೆ! ಅವಳು ಟೊಪ್ಪಿ ಕಿತ್ತಳು.

“ರೈಲಿನಲ್ಲಿ ಬಿದ್ದದ್ದಾ, ರಸ್ತೆಯಲ್ಲಿ ಬಿದ್ದದ್ದಾ ಗೊತ್ತಿಲ್ಲ ಅಜ್ಜಿ.”

“ಎಂತ ಬಿದ್ದದ್ದು?” ಎಂದರು ಅಜ್ಜಿ.

ಅವರಿಗೆ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಚಿತ್ರದ ಹುಡುಗಿಗೆ ಸಿಕ್ಕಿದ ‘ಪಾಪ’ ಪ್ರೀತಿಕಾಳಿಗೆ ಸಿಗಲಿಲ್ಲ. ಪಿಸುದನಿಯಲ್ಲಿ ಮಾತಾಡುವ ಆ ಕೋಣೆಯಲ್ಲಿ ಅಜ್ಜಿ ಗುತ್ತಿಗಾರಿನ ಗಂಟಲಿನಲ್ಲೇ ಬೈದರು. ಎತ್ತರದ ಗಾರ್ಡ್ ಹೆಂಗಸು ಓಡಿ ಬಂದಳು. ಅಜ್ಜಿ ಅವಳಿಗೂ ಹೇಳಿದರು, ಕನ್ನಡದಲ್ಲೇ. ಮೊದಲು ತಮ್ಮ ಕಿವಿ ತೋರಿಸಿದರು, ಆಮೇಲೆ ಪ್ರೀತಿಕಾಳ ಕಿವಿ, ಆಮೇಲೆ ಚಿತ್ರ. ಗಾರ್ಡಿಗೆ ಅರ್ಥವಾಯಿತು. ಅವಳು ಬಗ್ಗಿ ನೆಲ ಹುಡುಕತೊಡಗಿದಳು. ಅವಳನ್ನು ನೋಡಿ ಪ್ರವಾಸಿಗಳೂ ಬಗ್ಗಿದರು. ಸ್ವಲ್ಪ ಹೊತ್ತು ಮುತ್ತಿನ ಹುಡುಗಿಯನ್ನು ಯಾರೂ ನೋಡಲಿಲ್ಲ.

ಬೆಂಡೋಲೆ ಸಿಗಲಿಲ್ಲ. ಚಿಕ್ಕಮ್ಮ ರೈಲಿನವರಿಗೆ ಫೋನ್ ಮಾಡಿದರು. ಅಲ್ಲೂ ಇರಲಿಲ್ಲ.

ಅಜ್ಜಿ ಬೆಂಚಿನ ಮೇಲೆ ಕೂತು ತಮ್ಮ ಬೋಳು ಕಿವಿಯನ್ನು ಮುಟ್ಟಿಕೊಂಡರು. “ನನ್ನ ಅಮ್ಮ ಕೊಟ್ಟದ್ದು ಅದು,” ಎಂದರು. ಈ ಸಲ ಜೋರಾಗಿ ಹೇಳಲಿಲ್ಲ. ಬೈಗುಳಕ್ಕೆ ಬಾರದ ಅಳು ಪ್ರೀತಿಕಾಳಿಗೆ ಈಗ ಬಂತು.

ತುಂಬ ಹೊತ್ತಿನ ಮೇಲೆ ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದರು.

“ಬೆಳಿಗ್ಗೆಯಿಂದ ಎಂತೆಲ್ಲ ನೋಡಿದ್ದು ನೀನು?”

“ಎಂತದ್ದೂ ನೋಡ್ಲಿಲ್ಲ ಅಜ್ಜಿ.”

“ಹಾಗಾದ್ರೆ ಏಳು. ಇನ್ನೊಂದು ಸುತ್ತು ಹೋಗುವ.”

ಮೊದಲು ದಾಟಿ ಬಂದಿದ್ದ ಕೋಣೆಯೊಂದರಲ್ಲಿ ಒಂದು ಹೋರಿಯ ಚಿತ್ರವಿತ್ತು. ನಿಜವಾದ ಹೋರಿಯಷ್ಟೇ ದೊಡ್ಡದು, ಗೋಡೆಯ ತುಂಬ. ಇದರ ಮುಂದೆಯೇ ನಡೆದು ಹೋಗಿದ್ದೆನಾ? ಇಷ್ಟು ದೊಡ್ಡ ಹೋರಿ ಕಾಣಲಿಲ್ಲವಾ? ಪ್ರೀತಿಕಾ ಹತ್ತಿರ ಹೋಗಿ ನಿಂತಳು.

“ಅಜ್ಜಿ, ಹೋರಿಯ ಮೈಮೇಲೆ ನೊಣ ಕೂಡ ಉಂಟು.”

ಅಜ್ಜಿಯ ಸಿಟ್ಟು ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಕನ್ನಡಕ ಹಾಕಿಕೊಂಡು, ಅವಳ ಭುಜ ಹಿಡಿದು ಬಗ್ಗಿ, ನೊಣವನ್ನು ನೋಡಿದರು.